ಅಂಕಪಟ್ಟಿಯೋ, ಆಸ್ತಿಪಟ್ಟಿಯೋ?

ಓದುಗರೊಬ್ಬರ ಪತ್ರ: "ಅಮೆರಿಕದಲ್ಲಿರುವ ಮಗಳು ಮನೆ ಕೊಳ್ಳಲು ಹೊರಟಿದ್ದಾಳೆ. ಅಕ್ಕಪಕ್ಕದ ಎರಡು ಶಾಲಾ ಜಿಲ್ಲೆಗಳ ಫಲಿತಾಂಶ ಕಳಿಸಿದಳು. ಒಂದು ಮೇಲೆ, ಇನ್ನೊಂದು ಪಾತಾಳದಲ್ಲಿ. ಅಲ್ಲೂ ಮೇಷ್ಟ್ರುಗಳು ಮೈಗಳ್ಳರೇ ಅಂತಾಯ್ತಲ್ಲ?"

ನಿಮ್ಮ ಅಕ್ಷರ ಮುತ್ತಿನಂತಿದೆ ಸ್ವಾಮಿ, ತೀರ್ಪು ಮಾತ್ರ ಅವಸರದ್ದು. ಮೈಗಳ್ಳ ಮೇಷ್ಟ್ರು ಎಲ್ಲ ಕಡೆಯೂ ಇದ್ದಾರೆ, ಒಪ್ಪಿದೆ. ಆದರೆ ಆ ಪಟ್ಟಿಯ ಪಕ್ಕದಲ್ಲಿ ಮನೆಗಳ ಬೆಲೆಯನ್ನೂ ಬರೆದಿಟ್ಟು ನೋಡಿದಿರಾ?

ಅಲ್ಲಿನ ಶಾಲಾ ಜಿಲ್ಲೆ ಎಂದರೆ ನಮ್ಮ ಜಿಲ್ಲೆಯಂಥದ್ದಲ್ಲ. ಸಾಮಾನ್ಯವಾಗಿ ಅದಕ್ಕೆ ಅದರದೇ ಮಂಡಳಿ ಇರುತ್ತದೆ, ಖರ್ಚಿನ ದೊಡ್ಡ ಪಾಲು ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಎಜ್‌ವುಡ್ ಬಡವರ ಜಿಲ್ಲೆ, ಅಲಾಮೊ ಹೈಟ್ಸ್ ಉಳ್ಳವರದು. 1967-68ರಲ್ಲಿ ಎಜ್‌ವುಡ್ಡಿನವರು 100 ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಕಟ್ಟಿದರು. ಎಲ್ಲ ಜಿಲ್ಲೆಗೂ ಇದ್ದ ರಾಜ್ಯದ ಮೂಲ ಶಿಕ್ಷಣ ಯೋಜನೆಯ ಹಣ ಬಿಟ್ಟು, ಅದರಿಂದ ಪ್ರತಿ ಮಗುವಿಗೆ ಹೆಚ್ಚುವರಿಯಾಗಿ ಸಿಕ್ಕಿದ್ದು 26 ಡಾಲರ್. ಅಲಾಮೊ ಹೈಟ್ಸಿನವರು ಕಟ್ಟಿದ್ದು ಬರೀ 85 ಸೆಂಟ್, ಸಿಕ್ಕಿದ್ದು 333 ಡಾಲರ್! ಹೆಚ್ಚು ಕೊಟ್ಟವರಿಗೆ ಕಡಿಮೆ, ಕಡಿಮೆ ಕೊಟ್ಟವರಿಗೆ ಹೆಚ್ಚು. ಎಜ್‌ವುಡ್ಡಿನ ಶಾಲೆಯೊಂದರ ಮೇಲಂತಸ್ತಿನಲ್ಲಿ ಬಾವಲಿಗಳ ಸಂಸಾರ. ಅಲ್ಲಿ ಮಕ್ಕಳನ್ನು ಓದಿಸುತ್ತಿದ್ದ ಡೆಮೆಟ್ರಿಯೊ ರಾಡ್ರಿಗಸ್ ಎಂಬ ತಗಡಿನ ಕೆಲಸಗಾರ ಇತರ ಪೋಷಕರೊಂದಿಗೆ ಕೋರ್ಟಿಗೆ ಹೋದ. 1973ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಕೈಚೆಲ್ಲಿತು. ಶಿಕ್ಷಣ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲವಂತೆ. ಇದನ್ನು ಓದಿದ ಮೇಲೂ ಮೇಷ್ಟ್ರನ್ನೇ ಬೈಯ್ಯೋಣವೆ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಶಾನ್ ರಿಯರ್ಡನ್ ದೇಶದ ಸುಮಾರು 11,000 ಜಿಲ್ಲೆಗಳ ಅಂಕಗಳನ್ನು ಜಾಲಾಡಿದವರು. ಸರಾಸರಿ ಅಂಕ ಮನೆಯವರ ಆದಾಯದ ಬೆನ್ನು ಹಿಡಿದೇ ಹೋಗುತ್ತದೆ. ಆದರೆ ಮಗು ವರ್ಷದಿಂದ ವರ್ಷಕ್ಕೆ ಎಷ್ಟು ಬೆಳೆಯಿತು ಎಂಬ ಲೆಕ್ಕ ಹಾಗಲ್ಲ. ಅಂಕದಲ್ಲಿ ಹಿಂದುಳಿದಿದೆ ಎಂದು ಎಲ್ಲರೂ ಮೂಗು ಮುರಿಯುವ ಶಿಕಾಗೊದ ಮಕ್ಕಳು ಮೂರರಿಂದ ಎಂಟನೇ ತರಗತಿಯೊಳಗೆ, ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿತಿದ್ದರು. ಮೇಷ್ಟ್ರ ಬೆವರು ಕಾಣುವುದು ಅಲ್ಲಿ.

ಅಮೆರಿಕದ 2002ರ ಕಾಯ್ದೆಯೊಂದು 2014ರೊಳಗೆ ಓದು, ಗಣಿತದಲ್ಲಿ ಪ್ರತಿ ಮಗುವೂ ನಿಗದಿತ ಮಟ್ಟ ಮುಟ್ಟಬೇಕೆಂದು ಫರ್ಮಾನು ಹೊರಡಿಸಿತ್ತು. ಆಗಿದ್ದೇನು? ಅಟ್ಲಾಂಟಾದಲ್ಲಿ ಮೇಷ್ಟ್ರುಗಳೇ ರಬ್ಬರ್ ಹಿಡಿದು ಮಕ್ಕಳ ತಪ್ಪು ಉತ್ತರ ಅಳಿಸಿ ತಿದ್ದಿದ್ದು 2011ರ ತನಿಖೆಯಲ್ಲಿ ಬಯಲಾಯಿತು. ಪಟ್ಟಿಯ ಹುಚ್ಚಿಗೆ ಪತ್ರಿಕೆಯವರಾದ ನಾವೂ ಹೊಣೆ. ಉಪಸಂಪಾದಕನಾಗಿದ್ದಾಗ ಇಂಥ ಪಟ್ಟಿಗಳಿಗೆ ನಾನೇ ಬಾಕ್ಸ್ ಕಟ್ಟಿದ್ದೇನೆ, ಜಾಗ ತುಂಬುತ್ತದೆಂದು.

ಮಗಳಿಗೆ ಹೇಳಿ: ಆ ಪಟ್ಟಿ ಪಕ್ಕಕ್ಕಿಟ್ಟು, ಪಾತಾಳದಲ್ಲಿರುವ ಶಾಲೆಯಲ್ಲಿ ಒಂದು ಬೆಳಿಗ್ಗೆ ಕೂತು ಬರಲಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ.

— ಸಂ.