ಮರಾಠಿ ಸಿನಿಮಾ ತಾರೆ ಶಾಂತಾ ಅವರ ಹೆಸರಲ್ಲಿ ‘ಹುಬಳೀಕರ್’ ಯಾಕಿದೆ?

ಅವರು ನಮ್ಮ ಹುಬ್ಬಳ್ಳಿ ಕಡೆಯವರೇ, ಅದಕ್ಕೆ. ಹುಟ್ಟಿದ್ದು ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ. ಊರಿನ ಹೆಸರಿಗೆ ‘ಕರ್’ ಸೇರಿಸಿ ಅಡ್ಡಹೆಸರು ಮಾಡುವುದು ಮರಾಠಿ ರೂಢಿ.

ಮರಾಠಿಗೆ ಹೋದದ್ದು ಯಾಕೆ ಅಂದ್ರೆ, ಆಗ ಧಾರವಾಡ ಜಿಲ್ಲೆ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ನಮ್ಮ ಕಲಾವಿದರಿಗೆ ಬೆಂಗಳೂರಿಗಿಂತ ಕೊಲ್ಹಾಪುರ, ಪುಣೆಯ ನಂಟೇ ಜಾಸ್ತಿ. ಸ್ಟುಡಿಯೋಗಳೂ ಅಲ್ಲೇ ಇದ್ದವಲ್ವಾ!

1939ರಲ್ಲಿ ಪುಣೆಯ ಪ್ರಭಾತ್ ಕಂಪನಿಗಾಗಿ ವಿ. ಶಾಂತಾರಾಮ್ ತೆಗೆದ ‘ಮಾಣೂಸ್’ ಅವರನ್ನು ಮನೆಮಾತಾಗಿಸಿತು. ಅದರಲ್ಲಿ ಅವರದು ಪೊಲೀಸನೊಬ್ಬ ಪ್ರೀತಿಸುವ ವೇಶ್ಯೆ ಮೈನಾಳ ಪಾತ್ರ. ನಾಳೆಯ ಚಿಂತೆ ಯಾಕೆ ಅಂತ ಅವಳು ಹಾಡುವ ಹಾಡಿನಲ್ಲಿ ಹಲವು ಭಾಷೆಗಳ ಸಾಲುಗಳಿವೆ. ಅಷ್ಟು ನೋವಿಟ್ಟುಕೊಂಡೂ ಎಷ್ಟು ಸಲೀಸಾಗಿ ಹಾಡುತ್ತಾಳೆ, ಒಮ್ಮೆ ನೋಡಿ. 1942ರಲ್ಲಿ ಕನ್ನಡದ ‘ಜೀವನ ನಾಟಕ’ ಸಿನಿಮಾದಲ್ಲೂ ನಟಿಸಿದರು.