ಕರೆಂಟ್ ಇಲ್ಲದ ಕಾಲದಲ್ಲಿ ಗಣಿಯೊಳಗಿನ ನೀರನ್ನು ಹೇಗೆ ಹೊರಹಾಕುತ್ತಿದ್ದರು?

ಗದಗದ ಕಪ್ಪತಗುಡ್ಡದಲ್ಲಿ ಹಳೆಯ ಚಿನ್ನದ ಗಣಿಗಳನ್ನು ನೋಡಿ ನೀವು ಇದನ್ನು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಹಲವು ಕಡೆ ನೀರಿನ ಬಲದಿಂದಲೇ ನೀರೆತ್ತುತ್ತಿದ್ದರು.

ಜರ್ಮನಿಯ ಹಾರ್ಟ್ಸ್ ಬೆಟ್ಟದ ಬೆಳ್ಳಿ ಗಣಿಗಳನ್ನೇ ನೋಡಿ. ಅಲ್ಲಿ ಮಳೆನೀರನ್ನು ಕೆರೆಗಳಲ್ಲಿ ಹಿಡಿದು, ಬೆಟ್ಟದ ಮೈಗುಂಟ ಕಾಲುವೆ ತೋಡಿ ಗಣಿಗೆ ತರುತ್ತಿದ್ದರು. ಆ ನೀರು ದೊಡ್ಡ ಮರದ ಚಕ್ರದ ಮೇಲೆ ಬಿದ್ದಾಗ ಚಕ್ರ ತಿರುಗುತ್ತಿತ್ತು. ಅದಕ್ಕೆ ಜೋಡಿಸಿದ ಮರದ ತೊಲೆಗಳು ಮೇಲೆ ಕೆಳಗೆ ಆಡಿ, ಆಳದ ಪಂಪುಗಳನ್ನು ನಡೆಸುತ್ತಿದ್ದವು. ಅದಿರು ಎತ್ತಲು ಎರಡೂ ಕಡೆ ತಿರುಗುವ ಚಕ್ರ ಬೇರೆ ಇತ್ತು.

ನನಗೆ ಬಹಳ ಇಷ್ಟವಾಗುವುದು ಮುಂದಿನ ಲೆಕ್ಕ. ಗಣಿಯ ನೀರನ್ನು ನೆಲದ ಮಟ್ಟದ ತನಕ ಎತ್ತುವ ಗೋಜೇ ಇರಲಿಲ್ಲ. ಬೆಟ್ಟದ ಬುಡದ ಕಣಿವೆಯಿಂದ ಒಳಕ್ಕೆ ಸುರಂಗ ಕೊರೆದಿದ್ದರು. ಅಲ್ಲಿಯವರೆಗೆ ಎತ್ತಿದರೆ ಸಾಕು, ಉಳಿದದ್ದು ತಾನಾಗಿ ಹರಿದು ಹೋಗುತ್ತಿತ್ತು. ಒಂದು ಚಕ್ರ ತಿರುಗಿಸಿದ ನೀರೇ ಕೆಳಗಿನ ಇನ್ನೊಂದನ್ನೂ ತಿರುಗಿಸುತ್ತಿತ್ತು. ಎಷ್ಟು ಜಾಣತನ, ಅಲ್ವಾ? 1715ರಿಂದ 1722ರ ನಡುವೆ ಕಟ್ಟಿದ ಓಡರ್‌ಟೈಖ್ ಕೆರೆ ಇಂದಿಗೂ ಇದೆ. 2010ರಲ್ಲಿ ಇಡೀ ವ್ಯವಸ್ಥೆ ಯುನೆಸ್ಕೊ ಪಟ್ಟಿಗೆ ಸೇರಿತು.

ಇದಕ್ಕೆ ವರ್ಷದ ಬಹುಪಾಲು ನೀರು ಸಿಗಬೇಕು. ಕಪ್ಪತಗುಡ್ಡದ ಹಳ್ಳಗಳು ಹರಿಯುವುದೇ ಮಳೆಗಾಲದಲ್ಲಿ. ಕೋಲಾರದ ಚಿನ್ನದ ಗಣಿಗೂ ನೀರಿನ ಬಲವೇ ಬಂತು, ಆದರೆ ತಂತಿಯ ಮೂಲಕ: 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 147 ಕಿಲೋಮೀಟರ್ ದೂರಕ್ಕೆ ಕರೆಂಟ್ ಹರಿಸಿದರು.