ಬೇರೆಯವರ ಹೈಕುವನ್ನು ಕುಂಚದಲ್ಲಿ ಬರೆದರೆ ಅದು ನಕಲಾಗುತ್ತದೆಯೇ?

ನೀವು ಕೇಳಿದ್ದು ಇಷ್ಟು. ಆರು ತಿಂಗಳಿಂದ ಜಪಾನಿ ಕುಂಚಬರಹ ಕಲಿಯುತ್ತಿದ್ದೀರಿ. ಸ್ವಂತವಾಗಿ ಹೈಕು ಕಟ್ಟುವಷ್ಟು ಭಾಷೆ ಬರುವುದಿಲ್ಲ, ಹಾಗಾಗಿ ಹಳೆಯ ಜಪಾನಿ ಕವಿಗಳಾದ ಬಾಶೋ, ಇಸ್ಸಾ ಇವರದ್ದನ್ನು ಬರೆದು ಗೋಡೆಗೆ ತೂಗುಹಾಕಿದ್ದೀರಿ. ಮನೆಗೆ ಬಂದ ಗೆಳೆಯರೊಬ್ಬರು "ಕವಿತೆ ಅವರದು, ಅಕ್ಷರವೂ ಅವರದು, ಇದರಲ್ಲಿ ನಿಮ್ಮದೇನಿದೆ?" ಅಂದರಂತೆ. ಅದು ಕೊರೆಯುತ್ತಿದೆ.

ನಕಲು ಅಲ್ಲ, ಕೊರೆಯಬೇಕಾಗಿಲ್ಲ. ಹಾಗಂತ ನಿಮ್ಮ ಗೆಳೆಯರ ಮಾತನ್ನು ತಳ್ಳಿಹಾಕಲೂ ನನಗೆ ಮನಸ್ಸಿಲ್ಲ, ಏಕೆಂದರೆ ಒಂದು ಕಾಲದಲ್ಲಿ ನನ್ನ ಬರಹದಲ್ಲಿ ನಿಜವಾಗಿಯೂ ನನ್ನದು ಅನ್ನುವಂಥದ್ದೇನೂ ಇರಲಿಲ್ಲ. ಇದ್ದ ಒಂದೇ ಸ್ವಂತದ ವಸ್ತು ಅಂದರೆ ತಪ್ಪು.

ಕೆಲಸದ ಮೇಲೆ ಆರು ವರ್ಷ ನಗೋಯಾದಲ್ಲಿದ್ದೆ. ಮನೆ ಹತ್ತಿರ ಕೋಮಿನ್‌ಕಾನ್ ಇತ್ತು, ನಮ್ಮ ಸಮುದಾಯ ಭವನದ ಹಾಗೆ. ಅಲ್ಲಿ ಶನಿವಾರ ಬೆಳಿಗ್ಗೆ ಕಾನಾ (ಉಚ್ಚಾರ ತೋರಿಸುವ ಜಪಾನಿ ಅಕ್ಷರ) ಬರಹದ ತರಗತಿ, ಕಲಿಸುವವರು ಎಪ್ಪತ್ತು ದಾಟಿದ ಸೆನ್ಸೇ, ಅಂದರೆ ಗುರುಗಳು. ಮೊದಲ ದಿನ ಮಸಿಕಡ್ಡಿ ತೇಯಲು ಕೊಟ್ಟರು. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು, ಕಡ್ಡಿಯನ್ನು ಒತ್ತದೆ, ಸುತ್ತಿಸುತ್ತಿ ತೇಯಬೇಕು. ನಾನು ತೇಯುವುದನ್ನು ನೋಡಿ "ಮೊದಲೇ ಎಲ್ಲೋ ಕಲಿತಿದ್ದೀರಲ್ಲಾ" ಅಂದರು. ಕಲಿತದ್ದು ಅಜ್ಜಿಯ ದೇವರ ಕೋಣೆಯಲ್ಲಿ, ಸಾಣೆಕಲ್ಲಿನ ಮೇಲೆ ಗಂಧ ತೇಯ್ದು. ಕೈ ಅದೇ, ವಾಸನೆಯಷ್ಟೇ ಬೇರೆ: ಮಸಿ ಹಿಡಿದ ದೀಪದ ಕುಡಿಯ ಜೊತೆ ಒಂದು ಚೂರು ಕರ್ಪೂರ ಸೇರಿದಂಥ ವಾಸನೆ. ಆ ಕಡ್ಡಿ ಅಂದರೆ ಮಸಿ ಮತ್ತು ಸರೇಸು, ಜೊತೆಗೆ ಒಂದಿಷ್ಟು ಸುಗಂಧ. ಎಣ್ಣೆ ದೀಪದ ಮಸಿಯಾದರೆ ಕಪ್ಪು ಕಂದಿಗೆ ತಿರುಗುತ್ತದೆ, ಪೈನ್ ಮರದ ಮಸಿಯಾದರೆ ನೀಲಿಗೆ. ಜಪಾನಿನಲ್ಲಿ ಇದನ್ನು ಮಾಡುವವರು ಹೆಚ್ಚಾಗಿ ನಾರಾ ಊರಿನವರು.

ಮೂರನೇ ವರ್ಷ ಭವನದ ವಾರ್ಷಿಕ ಹಬ್ಬಕ್ಕೆ ನಮ್ಮೆಲ್ಲರ ಬರಹವನ್ನೂ ಗೋಡೆಗೆ ಹಾಕಿದರು. ನಾನು ಬರೆದದ್ದು ಬಾಶೋನ ಕಪ್ಪೆ, 1686ರದ್ದು, ಹೈಕು ಅಂದ ಕೂಡಲೇ ಎಲ್ಲರ ಬಾಯಿಗೆ ಬರುವುದು: ಫುರುಇಕೆಯ, ಕವಜು ತೊಬಿಕೊಮು, ಮಿಜು ನೊ ಒತೊ. ಹಳೆಯ ಕೊಳ, ಕಪ್ಪೆ ಒಳಕ್ಕೆ ಹಾರುತ್ತದೆ, ನೀರಿನ ಸದ್ದು. ಒಬ್ಬರು ಹಿರಿಯರು ಬೆನ್ನ ಹಿಂದೆ ಕೈಕಟ್ಟಿಕೊಂಡು ನಿಂತು ಗುನುಗುತ್ತಾ ಓದಿದರು. "ಫುರುಇಕೆಯ... ಕವಜು ತೊ..." ನಿಂತರು. ಮೊದಲಿಂದ ಶುರುಮಾಡಿ ಮತ್ತೆ ಅಲ್ಲೇ ನಿಂತರು. ಬೆರಳು ಮಡಚಿ ಎಣಿಸಿದರು. ನನ್ನ ಕಡೆ ತಿರುಗಿ, ನಗುತ್ತಾ, "ನಿಮ್ಮ ಕಪ್ಪೆ ಇನ್ನೂ ದಡದಲ್ಲೇ ಕೂತಿದೆ" ಅಂದು ಹೋದರು.

'ತೊಬಿಕೊಮು' ಇರಬೇಕಾದ ಕಡೆ 'ತೊಕೊಮು' ಇತ್ತು. 'ಬಿ' ಬಿಟ್ಟುಹೋಗಿತ್ತು. ಹೈಕುವಿಗೆ ಬೇಕಾದ ಹದಿನೇಳು ಉಚ್ಚಾರದಲ್ಲಿ ಹದಿನಾರೇ.

ಹೇಗಾಯಿತು ಅಂದರೆ, ಮಾದರಿ ನೋಡಿಕೊಂಡು ಒಂದೊಂದೇ ಬಳುಕನ್ನು ಚಿತ್ರದ ಹಾಗೆ ಇಳಿಸುತ್ತಿದ್ದೆ. ಕಣ್ಣು ಕೈ ಎರಡೂ ಕೆಲಸ ಮಾಡುತ್ತಿದ್ದವು, ಬಾಯಿ ಮುಚ್ಚಿತ್ತು. ರಂಗೋಲಿಯಲ್ಲಿ ಒಂದು ಎಳೆ ತಪ್ಪಿದರೆ ಕಣ್ಣಿಗೆ ಬೀಳುತ್ತದೆ, ಏಕೆಂದರೆ ಬಳ್ಳಿ ಕೂಡುವುದಿಲ್ಲ. ಕಾನಾದಲ್ಲಿ ಹಾಗಲ್ಲ, ಅಕ್ಷರ ಬಿಟ್ಟರೂ ಗೆರೆ ಚೆನ್ನಾಗಿಯೇ ಕೂಡಿಕೊಂಡು ಹೋಗುತ್ತದೆ. ಸೆನ್ಸೇ ಬೈಯಲಿಲ್ಲ, ಆದರೆ ಇಳಿಸಲೂ ಬಿಡಲಿಲ್ಲ. ಹಬ್ಬ ಮುಗಿಯುವ ತನಕ ಎರಡು ದಿನ ಅದು ಅಲ್ಲೇ ಇತ್ತು. ಮುಂದಿನ ಶನಿವಾರ ಹೇಳಿದ್ದು ಒಂದೇ ಮಾತು: "ತುಟಿ ಆಡಿಸುತ್ತಾ ಬರೆಯಿರಿ."

ಆಗ ನನಗೆ ಹೊಳೆದದ್ದು ಹೈಸ್ಕೂಲಿನ ಛಂದಸ್ಸು. ಹೈಕುವಿನ 5-7-5 ಅನ್ನು ನಮ್ಮಲ್ಲಿ ಅನೇಕರು ಅಕ್ಷರ ಅಂತ ಎಣಿಸುತ್ತಾರೆ. ಅವರು ಎಣಿಸುವುದು ಹೆಚ್ಚುಕಡಿಮೆ ನಮ್ಮ ಮಾತ್ರೆಯನ್ನು. ಟೋಕ್ಯೋ ಅವರಿಗೆ ನಾಲ್ಕು. ನಾವು ಪ್ರಸ್ತಾರ ಹಾಕಿದರೂ ಎರಡು ಗುರು, ನಾಲ್ಕು ಮಾತ್ರೆ. ನಿಪ್ಪೊನ್ ಅವರಿಗೆ ನಿ-ಪ್-ಪೊ-ನ್ ಅಂತ ನಾಲ್ಕು. ನಮಗೆ ಒತ್ತಕ್ಷರದ ಹಿಂದಿನದು ಗುರು, ವ್ಯಂಜನ ಕೊನೆಗೆ ಬಂದದ್ದೂ ಗುರು, ಮತ್ತೆ ನಾಲ್ಕೇ. ಬಾಶೋನ ಕಪ್ಪೆಯನ್ನು ಕನ್ನಡದಲ್ಲಿ ಬರೆದು ಪ್ರಸ್ತಾರ ಹಾಕಿ ನೋಡಿ, ಹದಿನೇಳೂ ಲಘು! ಅವರ ಅಕ್ಷರಮಾಲೆಯ ಜೋಡಣೆಯೂ ನಮಗೆ ಪರಕೀಯವಲ್ಲ. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಬೌದ್ಧರ ಜೊತೆ ಹೋದ ಸಂಸ್ಕೃತ ವರ್ಣಮಾಲೆಯ ನೆರಳು ಅದು. ಕನ್ನಡದವರಿಗೆ ಈ ಕಲೆಯಲ್ಲಿ ಕಣ್ಣಿಗಿಂತ ಕಿವಿ ಮೊದಲು ತಯಾರಾಗಿರುತ್ತದೆ ಅನ್ನುವುದು ನನ್ನ ಅನುಭವ. ಆ ಕಿವಿಯನ್ನು ಮೂರು ವರ್ಷ ನಾನು ಬಳಸಿರಲೇ ಇಲ್ಲ, ಅದು ಬೇರೆ ಮಾತು.

ಇನ್ನು 'ನಿಮ್ಮದೇನಿದೆ' ಅನ್ನುವುದಕ್ಕೆ ಬರೋಣ. ಇದೇ ಕಪ್ಪೆಯನ್ನು ಇಟ್ಟುಕೊಂಡು ಹೇಳುತ್ತೇನೆ.

ಮೊದಲನೆಯದು ಅಕ್ಷರದ ಆಯ್ಕೆ. ಇವತ್ತು ಜಪಾನಿನಲ್ಲಿ ಒಂದು ಉಚ್ಚಾರಕ್ಕೆ ಒಂದೇ ಹಿರಾಗಾನಾ (ಬಳುಕು ಕಾನಾ) ರೂಪ ಇದೆ, ಆದರೆ ಅದು 1900ರಲ್ಲಿ ಶಾಲೆಗಳಿಗಾಗಿ ಸರ್ಕಾರ ಗೊತ್ತುಮಾಡಿದ್ದು. ಅದಕ್ಕೆ ಮೊದಲು ಒಂದೊಂದು ಉಚ್ಚಾರಕ್ಕೂ ಹಲವು ರೂಪ. ಒಂದೊಂದೂ ಬೇರೆ ಬೇರೆ ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರ, ಸವೆದು ಸವೆದು ಆದದ್ದು. 'ಸು'ವಿನ ಒಂದು ರೂಪ ವಸಂತ ಅನ್ನುವ ಕಾಂಜಿಯಿಂದ ಬಂದಿದೆ. ಕುಂಚಬರಹದಲ್ಲಿ ಆ ಹಳೆಯ ರೂಪಗಳು ಇನ್ನೂ ಜೀವಂತ. ಒಂದೇ ಅಕ್ಷರ ಹತ್ತಿರ ಹತ್ತಿರ ಎರಡು ಸಲ ಬಂದರೆ ಎರಡನೆಯದಕ್ಕೆ ರೂಪ ಬದಲಾಯಿಸುತ್ತಾರೆ, ಕಣ್ಣಿಗೆ ಬೇಜಾರಾಗದಿರಲಿ ಅಂತ. ನಾನು ಬಿಟ್ಟ 'ಬಿ' ಇದೆಯಲ್ಲ, ಹಳೆಯ ಪದ್ಧತಿಯಲ್ಲಿ ಅದನ್ನು 'ಹಿ' ಅಂತಲೇ ಬರೆಯುವುದು, ಅದನ್ನು 'ಬಿ' ಮಾಡುವ ಘೋಷದ ಚುಕ್ಕಿ ಹಾಕುವುದಿಲ್ಲ. ಆ 'ಹಿ'ಯ ಒಂದು ರೂಪ 'ಹಾರು' ಅನ್ನುವ ಅರ್ಥದ ಕಾಂಜಿಯಿಂದಲೇ ಬಂದದ್ದು. ಕಪ್ಪೆ ಹಾರುವ ಜಾಗದಲ್ಲಿ ಅದನ್ನೇ ಹಾಕಬೇಕಾ, ಅಥವಾ ಅದು ತೀರಾ ಜಾಣತನ ಆಯಿತು ಅಂತ ಸಾದಾ ರೂಪ ಹಾಕಬೇಕಾ? ಬಾಶೋ ಬಂದು ಹೇಳುವುದಿಲ್ಲ, ನೀವೇ ನಿರ್ಧರಿಸಬೇಕು. ನಾನಂತೂ ಈಗ ಸಾದಾ ರೂಪವನ್ನೇ ಹಾಕುತ್ತೇನೆ.

ಎರಡನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಮಸಿ ಎಲ್ಲಿ ಅದ್ದುತ್ತೀರಿ ಅನ್ನುವುದು. ಕಾನಾದಲ್ಲಿ ಎರಡು ಮೂರು ಅಕ್ಷರಗಳನ್ನು ಕುಂಚ ಎತ್ತದೆ ಒಂದೇ ಎಳೆಯಲ್ಲಿ ಬರೆಯುತ್ತಾರೆ, ನಮ್ಮ ಶಾನುಭೋಗರ ಮೋಡಿ ಅಕ್ಷರದ ಹಾಗೆ. ಒಮ್ಮೆ ಅದ್ದಿದರೆ ಎಂಟು ಹತ್ತು ಅಕ್ಷರ ಹೋಗುತ್ತದೆ. ಹೋಗ್ತಾ ಹೋಗ್ತಾ ಕಪ್ಪು ತೆಳುವಾಗಿ, ಕೊನೆಗೆ ಕೂದಲು ಬಿರಿದು, ಗೆರೆಯ ಮಧ್ಯೆ ಕಾಗದ ಕಾಣುತ್ತದೆ. 'ಫುರುಇಕೆಯ'ಗೆ ಅದ್ದಿದಿರಿ ಅನ್ನಿ. ಕೊಳ ಗಾಢ ಕಪ್ಪು, ಕಪ್ಪೆಗೆ ಬರುವಾಗ ಬೂದು. ಈಗ 'ಮಿಜು ನೊ ಒತೊ', ನೀರಿನ ಸದ್ದು. ಮತ್ತೆ ಅದ್ದಿದರೆ ಸದ್ದು ಧಡ್ ಅಂತ ಕಪ್ಪಾಗಿ ಕಿವಿಗೆ ಬೀಳುತ್ತದೆ. ಅದ್ದದೆ ಇದ್ದದ್ದರಲ್ಲೇ ಎಳೆದರೆ ಸದ್ದು ಕಾಗದದಲ್ಲೇ ಕರಗಿಹೋಗಿ, ಕವಿತೆಯಲ್ಲಿ ಸದ್ದಿಗಿಂತ ಸದ್ದಿನ ನಂತರದ ಮೌನ ಉಳಿಯುತ್ತದೆ. ಪದ ಅವವೇ, ಓದು ಎರಡು. ನಾನು ಎರಡನ್ನೂ ಬರೆದು ಅಕ್ಕಪಕ್ಕ ಇಟ್ಟಾಗ ಸೆನ್ಸೇ ಸುಮಾರು ಹೊತ್ತು ನೋಡಿ, ಅದ್ದದೆ ಬರೆದದ್ದನ್ನು ಮುಂದಕ್ಕೆ ಸರಿಸಿದರು. ಏನೂ ಹೇಳಲಿಲ್ಲ.

ಗಮಕಿ ಕಾವ್ಯ ಓದುವಾಗ 'ಪದ್ಯ ನಿನ್ನದಲ್ಲವಲ್ಲ' ಅಂತ ನಾವು ಕೇಳುವುದಿಲ್ಲ. ಯಾವ ಪದವನ್ನು ಎಳೆದ, ಎಲ್ಲಿ ನಿಂತ ಅಂತ ಕೇಳುತ್ತೇವೆ. ನಿಮ್ಮ ಗೆಳೆಯರಿಗೆ ಈ ಉದಾಹರಣೆ ಕೊಟ್ಟು ನೋಡಿ.

ಸಾಲದಿದ್ದರೆ ತೇಯ್ಕಾನ ಕಥೆ ಹೇಳಿ. ಫುಜಿವಾರಾ ನೊ ತೇಯ್ಕಾ ತನ್ನ ಕಾಲದ ದೊಡ್ಡ ಕವಿ. 1235ರಲ್ಲಿ ಅವನ ಮಗನ ಮಾವ, ಕ್ಯೋಟೋ ಹೊರಗಿನ ಸಾಗಾದಲ್ಲಿದ್ದ ತನ್ನ ಮನೆಯ ಜಾರುಬಾಗಿಲುಗಳಿಗೆ ಹಳೆಯ ಕವಿಗಳ ಒಂದೊಂದು ವಾಕಾ ಬರೆದುಕೊಡು ಅಂತ ದುಂಬಾಲುಬಿದ್ದ. ವಾಕಾ ಅಂದರೆ 31 ಮಾತ್ರೆಯ ಕವಿತೆ. ತೇಯ್ಕಾ ದಿನಚರಿಯಲ್ಲಿ ಗೊಣಗಿಕೊಂಡಿದ್ದಾನೆ: ತನಗೆ ಮೊದಲಿಂದಲೂ ಅಕ್ಷರ ಬರೆಯಲು ಬಾರದು, ನೋಡಲಾಗದಷ್ಟು ಕೆಟ್ಟದಾಗಿದ್ದರೂ ಒತ್ತಾಯಕ್ಕೆ ಬರೆದು ಕಳಿಸಿದೆ, ಅಂತ. 'ನೂರು ಕವಿಗಳ ಒಂದೊಂದು ಕವಿತೆ' ಎಂದು ಇವತ್ತು ಜಪಾನಿನ ಮಕ್ಕಳು ಇಸ್ಪೀಟಿನಂತೆ ಆಡುವ ಸಂಕಲನದ ಮೂಲ ಅಲ್ಲಿದೆ ಎನ್ನುತ್ತಾರೆ. ಮುಂದೆ ಅವನದೆಂದು ನಂಬಲಾದ ಅಂಥ ಹಾಳೆಗಳನ್ನು ಚಹಾ ಗುರುಗಳು ಕೋಣೆಯ ಗೌರವದ ಜಾಗದಲ್ಲಿ ತೂಗುಹಾಕಿದರು. ತಾಕೆನೊ ಜೋಓ 1555ರಲ್ಲೇ ಹಾಕಿದ್ದ. ಕೊಬೊರಿ ಎನ್‌ಶೂ ಅಂಥವರು ಆ 'ಕೆಟ್ಟ' ಕೈಬರಹವನ್ನೇ ಅಭ್ಯಾಸ ಮಾಡಿ, ಅದೇ ಒಂದು ಶೈಲಿಯಾಯಿತು. ಕವಿತೆಗಳು ಯಾರ್ಯಾರವೋ, ಜನ ಹಿಂಬಾಲಿಸಿದ್ದು ಬರೆದವನ ಕೈಯನ್ನು.

ಬುಸೋನ್ ಕೂಡ ಹಾಗೇ. ತಾನೇ ದೊಡ್ಡ ಹೈಕು ಕವಿ, ಆದರೂ 1778-79ರ ಸುಮಾರಿಗೆ ಬಾಶೋನ ಪ್ರವಾಸಕಥನವನ್ನು ಹೈಕುಗಳ ಸಮೇತ ಒಂದಲ್ಲ, ಹಲವು ಸಲ ಕೈಯಾರೆ ಬರೆದು ನಡುನಡುವೆ ಚಿತ್ರ ಹಾಕಿದ. ಕಾನಾ ಕಲಿಯುವವರೆಲ್ಲ ತಿದ್ದುವ 'ಕೋಯಾ-ಗಿರೆ' ತುಣುಕುಗಳಂತೂ 905ರಲ್ಲಿ ಅರಸನ ಆಜ್ಞೆಯಂತೆ ಸಂಕಲಿಸಿದ ಕವಿತೆಗಳ 11ನೇ ಶತಮಾನದ ಪ್ರತಿ. ಮೂವರ ಕೈ ಅಂತ ಗುರುತಿಸಿದ್ದಾರೆ. ಅದನ್ನು ತಿದ್ದುವಾಗ ಯಾರೂ ಕವಿಗಾಗಿ ತಿದ್ದುವುದಿಲ್ಲ.

ಈಗ ನಿಮ್ಮ ಗೋಡೆಯ ವಿಷಯ. ಹಾಳೆಯ ಮೇಲೆ ಕವಿಯ ಹೆಸರಿಲ್ಲ ಅಂತ ಬರೆದಿದ್ದೀರಿ. ಅದನ್ನು ಮಾತ್ರ ಮೊದಲು ಸರಿಮಾಡಿ. ಅಲ್ಲಿನ ಪದ್ಧತಿ 'ಬಾಶೋ ನೊ ಕು', ಪಕ್ಕದಲ್ಲಿ ನಿಮ್ಮ ಹೆಸರು, ಹೆಸರಿನ ಕೆಳಗೆ 'ಕಾಕು'. ಬಾಶೋನ ಕವಿತೆ, ಇಂಥವರು ಬರೆದದ್ದು, ಅಂತ. ಒಂದು ಚಿಕ್ಕ ಕೆಂಪು ಮುದ್ರೆ. ಬರೀ ನಿಮ್ಮ ಮುದ್ರೆ ಒತ್ತಿ ಬಿಟ್ಟರೆ ಓದಲು ಬಲ್ಲವರು ಹೈಕು ನಿಮ್ಮದೇ ಅಂದುಕೊಂಡಾರು, ಬಾಶೋ ಅಂತ ಗೊತ್ತಾದರೆ ನಗುತ್ತಾರೆ. ಎರಡೂ ಬೇಡ.

ಬದುಕಿರುವ ಕವಿಗಳದ್ದನ್ನು ಮನೆಯಲ್ಲಿ ಅಭ್ಯಾಸಕ್ಕೆ ಬರೆದುಕೊಳ್ಳಿ, ಪ್ರದರ್ಶನಕ್ಕೋ ಮಾರಾಟಕ್ಕೋ ಇಡುವುದಾದರೆ ಅನುಮತಿ ಕೇಳಿ. ಜಪಾನಿನಲ್ಲಿ ಕವಿ ತೀರಿಕೊಂಡ ಮೇಲೆ 70 ವರ್ಷ ಹಕ್ಕು ಇರುತ್ತದೆ. 2018ರ ಡಿಸೆಂಬರ್ ಕೊನೆಯವರೆಗೆ ಅದು 50 ಇತ್ತು, ಹಾಗಾಗಿ 1967ರೊಳಗೆ ತೀರಿಕೊಂಡವರದ್ದು ಅಲ್ಲಿ ಆಗಲೇ ಮುಕ್ತವಾಗಿದೆ. 1968ರಲ್ಲಿ ತೀರಿಕೊಂಡವರದ್ದಕ್ಕೆ 2039ರ ತನಕ ಕಾಯಬೇಕು. ಭಾರತದಲ್ಲಿ ಲೆಕ್ಕ 60 ವರ್ಷ. ಬಾಶೋ (ನಿಧನ 1694), ಚಿಯೋ-ಜೋ (1775), ಬುಸೋನ್ (1784), ಶಿಕಿ (1902) ಇವರನ್ನು ಬರೆಯುತ್ತಾ ಇದ್ದರೆ ಒಂದು ಜನ್ಮಕ್ಕೆ ಸಾಕು. ಸಾಂತೋಕಾ (1940) ನನಗೆ ತುಂಬ ಇಷ್ಟ, ಆದರೆ ಅವನು 5-7-5 ಬಿಟ್ಟವನು. ಎಣಿಸಿ ತಪ್ಪು ಹುಡುಕುವ ನನ್ನ ಉಪಾಯ ಅವನ ಹತ್ತಿರ ನಡೆಯುವುದಿಲ್ಲ.

ಪಠ್ಯವನ್ನು ಇಂಟರ್‌ನೆಟ್ಟಿನ ಯಾವುದೋ ಚಿತ್ರದಿಂದ ಎತ್ತಬೇಡಿ. ಹಳೆಯ ಕಾಗುಣಿತ ಬೇರೆ. 'ಕವಜು' ಅಂತ ಓದುವುದನ್ನು ಕ-ಹ-ತ್ಸು ಅಂತ ಬರೆಯುತ್ತಿದ್ದರು. ಹಳೆಯ ಅಕ್ಷರರೂಪದ ಜೊತೆ ಹೊಸ ಕಾಗುಣಿತ ಬೆರೆಸಿದರೆ ಪಂಚೆಯ ಮೇಲೆ ಟೈ ಕಟ್ಟಿದಂತೆ ಕಾಣುತ್ತದೆ.

ಕಾಗದದ ಬಗ್ಗೆಯೂ ಕೇಳಿದ್ದೀರಿ. ನಮ್ಮಲ್ಲಿ ಸಿಗುವ ಹ್ಯಾಂಡ್‌ಮೇಡ್ ಪೇಪರ್ ನೋಡಲು ಚೆಂದ, ಆದರೆ ನಾನು ತಂದದ್ದೆಲ್ಲ ಮಸಿ ಹೀರಿ ಹರಡಿತು. ಕಾನಾದ ಎಳೆ ಕೂದಲೆಳೆಯಷ್ಟು ಸಣ್ಣ, ಅದಕ್ಕೆ ಸರೇಸು-ಪಟಿಕ ಹಚ್ಚಿ ನುಣುಪು ಮಾಡಿದ ಕಾಗದ ಬೇಕು. ಒಂದು ಹೈಕುವಿಗೆ ತಾನ್ಜಾಕು ಪಟ್ಟಿ ಸಾಕು, 36 ಸೆಂಟಿಮೀಟರ್ ಉದ್ದ, 6 ಅಗಲ. ಅಗಲದ ಹಾಳೆ ತಗೊಂಡರೆ ಎಲ್ಲಿ ಸಾಲು ಮುರಿಯುವುದು, ಎಲ್ಲಿ ಖಾಲಿ ಬಿಡುವುದು ಅನ್ನುವ ಇನ್ನೊಂದು ತಲೆನೋವು ಸೇರಿಕೊಳ್ಳುತ್ತದೆ. ಅದು ಎರಡನೇ ವರ್ಷಕ್ಕಿರಲಿ. ಬಾಟಲಿ ಮಸಿ ಅಭ್ಯಾಸಕ್ಕೆ ಪರವಾಗಿಲ್ಲ.

ನಿಮ್ಮ ಪ್ರಶ್ನೆಯ ಜೊತೆ ಹಾಕಿದ್ದ ಫೋಟೋ ದೊಡ್ಡದು ಮಾಡಿ ನೋಡಿದೆ, ಇಸ್ಸಾನದ್ದು. ಗೆರೆ ಚೆನ್ನಾಗಿ ಬಂದಿದೆ, ಮೂರನೇ ಸಾಲಿನ ಒಣಗಿದ ಎಳೆ ನನಗಿಂತ ಚೆನ್ನಾಗಿದೆ. ಆದರೆ ಎರಡನೇ ಸಾಲನ್ನು ಒಮ್ಮೆ ಬಾಯಿಬಿಟ್ಟು ಓದಿ, ಬೆರಳು ಮಡಚಿ ಎಣಿಸಿ. ನನಗೆ ಆರೇ ಸಿಕ್ಕಿತು.